ತೆಳು ಲ್ಯಾಪ್‌ಟಾಪಿನೊಳಗೆ ಜಾಗ ಮಾಡಿದ್ದು

ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ತೆಗೆಯುವವನು ನನ್ನ ಗಂಡ. ಅವನು ಮಂಟಪದ ಬಳಿ ನಿಂತು ಬೆವರುತ್ತಾನೆ, ನಾನು ಮಡಿಕೇರಿಯ ಬಾಡಿಗೆ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು ಅದನ್ನೆಲ್ಲ ಕತ್ತರಿಸುತ್ತೇನೆ. ಬಹುತೇಕ ಎಲ್ಲರೂ ಕೇಳುವುದು ಐದು ನಿಮಿಷದ ಒಂದು ಸಿನಿಮಾ. ಮದುಮಗಳು ಕಿಟಕಿಯಿಂದ ಆಚೆ ನೋಡಬೇಕು, ಮದುಮಗ ವಾಚು ಕಟ್ಟಿಕೊಳ್ಳಬೇಕು, ಸೆರಗು ನಿಧಾನವಾಗಿ ಹಾರಬೇಕು, ಹಿಂದಿನಿಂದ ಹಾಡು ಬರಬೇಕು. ಮದುವೆ ಬೆಳಗಿನಿಂದ ಸಂಜೆಯವರೆಗೆ ನಡೆದಿರುತ್ತದೆ. ಉಳಿದದ್ದನ್ನು ನಾನು ತೆಗೆದುಹಾಕುತ್ತೇನೆ. ಎಷ್ಟೋ ವರ್ಷಗಳಿಂದ ಹೀಗೆ ತೆಗೆದುಹಾಕುತ್ತಿದ್ದೇನೆ. ತೆಗೆದದ್ದು ಎಲ್ಲಿ ಹೋಯಿತು ಎಂದು ಯಾರೂ ಕೇಳಿಕೊಂಡು ಬಂದಿರಲಿಲ್ಲ.

ನನ್ನ ಲ್ಯಾಪ್‌ಟಾಪನ್ನು ಕೊಡಿಸಿದವರು ಮಾವ. ಮಾವ ಸೇನೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು, ಭಾಗಮಂಡಲದ ಕಡೆಯ ಅರೆಭಾಷೆ ಗೌಡರು. ನನ್ನ ತವರು ಕುಶಾಲನಗರದ ಹತ್ತಿರ. ನಮ್ಮಜ್ಜ ಹಾಸನದಿಂದ ಬಂದು ಅಲ್ಲಿ ನೆಲೆ ನಿಂತವರು. ಹಾಗಾಗಿ ಮಾವ ನನ್ನ ಜೊತೆ ಕನ್ನಡ ಮಾತಾಡುತ್ತಾರೆ, ಸಿಟ್ಟು ಬಂದಾಗ ಅಥವಾ ಯೋಚನೆಯಲ್ಲಿದ್ದಾಗ ಅರೆಭಾಷೆಗೆ ಜಾರುತ್ತಾರೆ. ಎಂಜಿನ್‌ಗಳ ಪಕ್ಕ ಅಷ್ಟು ವರ್ಷ ನಿಂತದ್ದರಿಂದ ಅವರ ಕಿವಿ ಅರ್ಧ ಹೋಗಿದೆ. ಉಳಿದ ಅರ್ಧವನ್ನು ಬೇಕಾದಾಗ ಮಾತ್ರ ಬಳಸುತ್ತಾರೆ.

ಅತ್ತೆ ಬದುಕಿದ್ದಾಗ ಅವರಿಬ್ಬರೂ ಕಣ್ಣಿನ ಪರೀಕ್ಷೆಗೆಂದು ಮೈಸೂರಿಗೆ ಹೋಗಿದ್ದರು. ನನ್ನ ಹಳೆಯ ಲ್ಯಾಪ್‌ಟಾಪು ಅಕ್ಕಿ ಮೂಟೆಯಷ್ಟು ಭಾರ, ಅದನ್ನು ಹೊತ್ತು ಹೊತ್ತು ನನಗೆ ಭುಜ ನೋವು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಗಡಿಯ ಹುಡುಗ ಒಂದು ತೆಳು ಲ್ಯಾಪ್‌ಟಾಪನ್ನು ವೀಳ್ಯದೆಲೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ತೋರಿಸಿದನಂತೆ. ಮಾವನಿಗೆ ಅಷ್ಟು ಸಾಕಾಯಿತು. ಯಾವ ಯಂತ್ರವನ್ನಾದರೂ ಅದರೊಳಗೆ ಏನಿದೆ ಎಂದು ಕೇಳದೆ ಅವರು ಕೊಂಡದ್ದು ಅದೊಂದೇ ಸಲ. ಮನೆಗೆ ತಂದು ನನ್ನ ಅಂಗೈ ಮೇಲೆ ಇಟ್ಟು, "ನೋಡು, ಇಲ್ಲವೇ ಇಲ್ಲ ಅನ್ನೋ ಹಾಗಿದೆ" ಎಂದರು.

ಒಳಗೆ ನೋಡಿದೆ. ಮೆಮೊರಿ ಎಂಟು ಜಿಬಿ, ಸ್ಟೋರೇಜು ಇನ್ನೂರೈವತ್ತಾರು ಜಿಬಿ. ಹೊರಗೆ ಎಷ್ಟು ಹಗುರವೋ ಒಳಗೂ ಅಷ್ಟೇ ಹಗುರ. ಪತ್ರ ಬರೆಯುವವರಿಗೆ ಅದು ಧಾರಾಳ. ನಾನು ಫೋಟೊ ಆಲ್ಬಂ ಕೆಲಸಕ್ಕೆ ಅದನ್ನು ಇಟ್ಟುಕೊಂಡು, ವಿಡಿಯೊ ಕೆಲಸವನ್ನು ಮನೆಯಲ್ಲಿದ್ದ ದೊಡ್ಡ ಕಂಪ್ಯೂಟರಿನಲ್ಲೇ ಮಾಡುತ್ತಿದ್ದೆ. ಅದು ಹೋದ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಹೋಯಿತು. ಕರೆಂಟು ಬಂತು, ಅದು ಬರಲಿಲ್ಲ. ಮುಂದೆ ಮದುವೆಯ ಕಾಲ. ಮೇಜಿನ ಮೇಲೆ ಉಳಿದದ್ದು ಎರಡು ಬೆರಳಲ್ಲಿ ಎತ್ತುವ ಲ್ಯಾಪ್‌ಟಾಪು.

ಅದರಲ್ಲಿ ಮದುವೆ ಎಡಿಟ್ ಮಾಡುವುದು ಹೇಗಿತ್ತೆಂದರೆ, ಮದುಮಗಳು ಹಾರ ಎತ್ತುತ್ತಾಳೆ, ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುತ್ತೇನೆ, ಆಗ ಹಾರ ಮದುಮಗನ ಕೊರಳಿಗೆ ಬೀಳುತ್ತದೆ. ಮಾವ ಹಿಂದಿನ ಕುರ್ಚಿಯಲ್ಲಿ ಕೂತು ಇದನ್ನು ನೋಡುತ್ತಿದ್ದರು. ತಾವು ಕೊಡಿಸಿದ ಯಂತ್ರ ಎಂಬ ಸಂಕಟ ಅವರಿಗಿತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಒಂದು ದಿನ ಮಾತ್ರ, "ಇದಕ್ಕೆ ಇನ್ನೊಂದಿಷ್ಟು ಹಾಕಿಸ್ಬೋದಲ್ವಾ ಕೂಸೆ?" ಎಂದು ಕೇಳಿದರು.

ಆ ಹೊತ್ತಿಗೇ ಕರಿಕೆಯ ಮದುವೆ ಬಂತು. ಕರಿಕೆ ಅಂದರೆ ಭಾಗಮಂಡಲ ದಾಟಿ ಘಾಟಿ ಇಳಿದು ಕೇರಳದ ಗಡಿಗೆ ತಾಗುವ ಊರು. ಮದುವೆ ನಡೆದದ್ದು ಭಾಗಮಂಡಲದ ಒಂದು ಮಂಟಪದಲ್ಲಿ. ಮದುಮಗಳ ಅಜ್ಜಿ, ಅಂದರೆ ಅಪ್ಪನ ತಾಯಿ, ಮದುವೆಗೆ ಸ್ವಲ್ಪ ಮೊದಲು ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಏಳುವ ಹಾಗಿರಲಿಲ್ಲ. ಮದುವೆ ಮುಗಿದ ಮರುದಿನ ಮದುಮಗಳ ಅಪ್ಪ ಫೋನ್ ಮಾಡಿದರು.

"ಮೇಡಂ, ಒಂದು ವಿಷಯ. ನಮ್ಮಮ್ಮನಿಗೆ ವಿಡಿಯೊ ನೋಡ್ಬೇಕಂತೆ."

"ಕೊಡ್ತೀವಿ ಸಾರ್. ಒಂದು ಹದಿನೈದು ದಿನ ಆಗ್ತದೆ."

"ಅದಲ್ಲ. ಅವ್ರಿಗೆ ಕಟ್ ಮಾಡ್ಬಾರ್ದಂತೆ."

"ಯಾವ ಭಾಗ ಕಟ್ ಮಾಡ್ಬಾರ್ದು?"

"ಯಾವುದನ್ನೂ."

ಅವರಿಗೇ ಮುಜುಗರವಾಗಿರಬೇಕು. "ಅಕ್ಕಿ ಹಾಕೋದು ಪೂರ್ತಿ ಬೇಕು, ಊಟದ ಹಾಲ್‌ನದ್ದೂ ಬೇಕು ಅಂತಾರೆ. ಹಾಡು ಗೀಡು ಬೇಡ. ನಾನು ಹೇಳಿದೆ, ಅಮ್ಮ, ಅದು ಯಾರಿಗೂ ನೋಡ್ಲಿಕ್ಕೆ ಆಗೋದಲ್ಲ ಅಂತ. ನಂಗೆ ಎದ್ದು ಹೋಗ್ಲಿಕ್ಕೂ ಆಗೋದಿಲ್ವಲ್ಲ, ನಾನು ನೋಡ್ತೇನೆ ಅಂದ್ರು."

ನಮ್ಮ ಕಡೆಯ ಮದುವೆಗಳಲ್ಲಿ ಬಂದವರೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರೇ ಮದುಮಕ್ಕಳಿಗೆ ಅಕ್ಕಿ ಹಾಕಿ ಹರಸಿ ಹೋಗುತ್ತಾರೆ. ಗಂಟೆಗಟ್ಟಲೆ ನಡೆಯುತ್ತದೆ. ಎಡಿಟ್ ಮಾಡುವಾಗ ನಾನು ಅದನ್ನು ಮೂರು ಕೈ, ಒಂದು ಮುಗುಳ್ನಗೆಗೆ ಇಳಿಸುತ್ತೇನೆ. ಊಟದ ಹಾಲಿನ ಮೂಲೆಯಲ್ಲಿ ನನ್ನ ಗಂಡ ಒಂದು ಸಣ್ಣ ಕ್ಯಾಮೆರಾವನ್ನು ಕಟ್ಟಿ ಬಿಟ್ಟುಬಿಡುತ್ತಾನೆ. ಎಷ್ಟು ಎಲೆ ಹಾಕಿದರು ಎಂದು ಅಡುಗೆಯವರಿಗೂ ಮದುವೆ ಮನೆಯವರಿಗೂ ಜಗಳ ಆಗದಿರಲಿ ಎಂಬ ಉದ್ದೇಶಕ್ಕೆ. ಅದರ ವಿಡಿಯೊವನ್ನು ನಾನು ಒಮ್ಮೆಯೂ ತೆರೆದು ನೋಡಿದವಳಲ್ಲ.

ಇದೆಲ್ಲ ಸೇರಿದರೆ ನನ್ನ ಲ್ಯಾಪ್‌ಟಾಪಿನಲ್ಲಿ ಹಿಡಿಸುವುದಿಲ್ಲ. ಹೊರಗಿನಿಂದ ಸಿಕ್ಕಿಸುವ ಒಂದು ಡಿಸ್ಕ್ ಇತ್ತು. ಅದು ಹಿಂದಿನ ವರ್ಷ ಮೇಜಿನಿಂದ ಬಿದ್ದು ಒಂದಿಡೀ ಗೃಹಪ್ರವೇಶವನ್ನು ನುಂಗಿತ್ತು. ಆ ಮೇಲೆ ನಾನು ತೂಗಾಡುವ ಯಾವುದನ್ನೂ ನಂಬುವುದಿಲ್ಲ. ಕ್ಯಾಮೆರಾದ ಕಾರ್ಡುಗಳಲ್ಲೇ ಬಿಡೋಣವೆಂದರೆ ಭಾನುವಾರ ಇನ್ನೊಂದು ಮದುವೆ, ಕಾರ್ಡು ಖಾಲಿಯಾಗಬೇಕು. ಹಾಗೆ ಮಾವ ಹೇಳಿದ್ದನ್ನೇ ಮಾಡುವುದೆಂದು ತೀರ್ಮಾನವಾಯಿತು. ಇನ್ನೊಂದಿಷ್ಟು ಹಾಕಿಸುವುದು.

ಮಡಿಕೇರಿ ಪೇಟೆಯಲ್ಲಿ ನಮಗೆ ಗೊತ್ತಿದ್ದ ಕಂಪ್ಯೂಟರ್ ರಿಪೇರಿ ಅಂಗಡಿ ಒಬ್ಬ ಹೆಂಗಸಿನದು. ಮನೆಮಾತು ಮಲಯಾಳ. ವಯಸ್ಸು ನನ್ನದೇ. ಮಾತಿಗೆ ಮೊದಲು ಗಿರಾಕಿಯ ಮುಖ ನೋಡದೆ ಲ್ಯಾಪ್‌ಟಾಪಿನ ಹಿಂಬದಿ ನೋಡುವ ಅಭ್ಯಾಸ ಅವರದು. ಮಾವನೂ ನನ್ನ ಜೊತೆ ಹೊರಟರು. ತಮ್ಮ ಟೂಲ್ ಬಾಕ್ಸನ್ನೂ ತಂದರು. ಅದರೊಳಗಿನ ಅತಿ ಸಣ್ಣ ಸ್ಕ್ರೂಡ್ರೈವರು ನನ್ನ ಲ್ಯಾಪ್‌ಟಾಪಿನ ಸ್ಕ್ರೂಗಿಂತ ದೊಡ್ಡದಿತ್ತು. ಅಂಗಡಿಯಾಕೆ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಒಳ್ಳೆ ಉಕ್ಕು ಅಂಕಲ್" ಎಂದು ವಾಪಸು ಕೊಟ್ಟರು. ಮಾವನಿಗೆ ಅವರ ಮೇಲೆ ಗೌರವ ಬಂದದ್ದು ಆಗಲೇ.

ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೂ ತಳ ಬಿಚ್ಚಲಿಲ್ಲ.

"ಎಲ್ಲೋ ಕದ್ದು ಕೂರ್ಸಿದ್ದಾರೆ" ಎಂದರು ಅಂಗಡಿಯಾಕೆ. ಅಡಿಯಲ್ಲಿದ್ದ ಉದ್ದನೆಯ ರಬ್ಬರು ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ಇನ್ನೆರಡು ಸ್ಕ್ರೂ ಇದ್ದವು.

"ಇದು ಎಂತ ಬುದ್ಧಿ?" ಎಂದರು ಮಾವ. "ಬಿಚ್ಚುವವನಿಗೆ ಗೊತ್ತಾಗ್ಬಾರ್ದು ಅಂತ್ಲಾ?"

"ಚೆಂದ ಕಾಣ್ಲಿ ಅಂತ ಅಂಕಲ್."

"ಅಡಿಯಿಂದ ಯಾರು ನೋಡ್ತಾರೆ?"

ಆಕೆ ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ಅಂಚಿನ ಸಂದಿಗೆ ತೂರಿಸಿ ನಿಧಾನವಾಗಿ ಸುತ್ತ ಎಳೆದರು. ತಳ ಬಿಟ್ಟುಕೊಂಡಿತು. ಮಾವ ಕನ್ನಡಕ ಏರಿಸಿ ಬಗ್ಗಿದರು. ಒಳಗೆ ಮುಕ್ಕಾಲು ಪಾಲು ಬ್ಯಾಟರಿ. ಉಳಿದ ಕಾಲು ಪಾಲಿನಲ್ಲಿ ಬಾಕಿ ಪ್ರಪಂಚ.

"ಮೆಮೊರಿ ಎಲ್ಲಿ ಹಾಕೋದು?" ಎಂದು ಕೇಳಿದೆ.

ಅಂಗಡಿಯಾಕೆ ಬೋರ್ಡಿನ ಮೇಲಿದ್ದ ಕಪ್ಪು ಚೌಕಗಳನ್ನು ತೋರಿಸಿದರು. "ಇದೇ ಮೆಮೊರಿ. ಬೋರ್ಡಿಗೇ ಬೆಸುಗೆ ಹಾಕಿ ಬಿಟ್ಟಿದ್ದಾರೆ. ತೆಗೀಲಿಕ್ಕೂ ಇಲ್ಲ, ಸೇರಿಸ್ಲಿಕ್ಕೂ ಇಲ್ಲ. ದಪ್ಪ ಲ್ಯಾಪ್‌ಟಾಪಲ್ಲಿ ಸ್ಲಾಟ್ ಇರ್ತದೆ, ಸಿಕ್ಕಿಸ್ಬೋದು. ತೆಳ್ಳಗೆ ಮಾಡ್ಬೇಕಾದ್ರೆ ಮೊದ್ಲು ತೆಗಿಯೋದು ಸ್ಲಾಟನ್ನೇ."

ನಾನು ಅದನ್ನು ಮಾವನ ಒಳ್ಳೆಯ ಕಿವಿಗೆ ಇನ್ನೊಮ್ಮೆ ಹೇಳಿದೆ. ಅವರು ಬಹಳ ಹೊತ್ತು ಆ ಚೌಕಗಳನ್ನು ನೋಡಿದರು.

"ಹಾಕಿದವ ಮನುಷ್ಯನೇ ಅಲ್ವಾ?"

"ಮೆಷಿನ್ ಅಂಕಲ್."

"ಮೆಷಿನ್ ಮಾಡಿದವ ಮನುಷ್ಯ. ಹಾಕ್ಲಿಕ್ಕೆ ಆದ್ರೆ ತೆಗೀಲಿಕ್ಕೂ ಆಗ್ಬೇಕು."

"ಆಗ್ತದೆ. ಬೆಂಗಳೂರಲ್ಲಿ ಬಿಸಿ ಗಾಳಿ ಬಿಟ್ಟು ಕೀಳ್ತಾರೆ, ದೊಡ್ಡದು ಕೂರಿಸ್ತಾರೆ. ಆದ್ರೆ ಗ್ಯಾರಂಟಿ ಕೊಡಲ್ಲ. ಎದ್ರೆ ಎದ್ದೀತು. ನಾನು ಮಾತ್ರ ಮಾಡಲ್ಲ."

ಮಾವ ಟೂಲ್ ಬಾಕ್ಸಿನ ಮುಚ್ಚಳ ಹಾಕಿದರು. "ಎಂಥಾ ಲಾರಿಯಾದ್ರೂ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸ್ಲಿಕ್ಕೆ ಜಾಗ ಇರ್ತದೆ" ಎಂದು ನನಗೆ ಹೇಳಿದರು. ಆಮೇಲೆ ತಮಗೇ ಹೇಳಿಕೊಳ್ಳುವವರಂತೆ, "ಇದರಲಿ ಜಾಗವೇ ಇಲ್ಲೆ" ಎಂದರು.

ಸ್ಟೋರೇಜು ಮಾತ್ರ ಬದಲಾಯಿಸಬಹುದು ಎಂದು ತಿಳಿಯಿತು. ಅದು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ದೊಡ್ಡದು, ಒಂದೇ ಸ್ಕ್ರೂ. ಅಂಗಡಿಯಾಕೆ ಸಂತೋಷದಿಂದ ಡ್ರಾಯರಿನಿಂದ ಹೊಸದೊಂದನ್ನು ತೆಗೆದು ಇಟ್ಟು ನೋಡಿದರು. ಉದ್ದವಾಯಿತು. ನನ್ನ ಲ್ಯಾಪ್‌ಟಾಪು ಅದರಲ್ಲೂ ಗಿಡ್ಡ ಜಾತಿಯದ್ದನ್ನೇ ಕೇಳುವಂಥದ್ದು. ಇಷ್ಟು ವರ್ಷದ ಅನುಭವದಲ್ಲಿ ತಾನು ಅದನ್ನು ಮೊದಲೇ ನೋಡಬೇಕಿತ್ತು ಎಂದು ಆಕೆ ತಲೆ ಕೆರೆದುಕೊಂಡರು. ಮೈಸೂರಿಗೆ ಫೋನ್ ಮಾಡಿ, ಗಿಡ್ಡದ್ದನ್ನು ಬಸ್ಸಿನ ಪಾರ್ಸೆಲ್ಲಿಗೆ ಹಾಕಿಸಿದರು. ಮರುದಿನ ಮಾವ ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ ಕಾದು, ಕಂಡಕ್ಟರಿನ ಕೈಯಿಂದ ಅದನ್ನು ಇಳಿಸಿಕೊಂಡರು. ಒಂದು ಟೆರಾಬೈಟು. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಅಂಗಡಿಯವರೆಗೆ ನಡೆದು ಬಂದರು, ನಡುನಡುವೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾ. ಅಷ್ಟು ಹಗುರದ್ದು ಇದೆಯೋ ಬಿತ್ತೋ ತಿಳಿಯುವುದಿಲ್ಲ ಎಂಬುದು ಅವರ ದೂರು.

ಹಳೆಯದರಲ್ಲಿದ್ದದ್ದನ್ನೆಲ್ಲ ಮೊದಲು ಹೊಸದಕ್ಕೆ ನಕಲು ಮಾಡಬೇಕು, ಆಮೇಲೆ ಅದನ್ನು ಒಳಗೆ ಕೂರಿಸಬೇಕು. ನಕಲಾಗುವಾಗ ನಾವು ಮೂವರೂ ಏನೂ ಮಾಡದೆ ಕೂತಿದ್ದೆವು. ಮುಗಿದ ಮೇಲೆ ಅಂಗಡಿಯಾಕೆ ಮಾವನ ಕಡೆ ತಿರುಗಿ, ತಮ್ಮ ಸಣ್ಣ ಸ್ಕ್ರೂಡ್ರೈವರನ್ನು ಚಾಚಿ, "ಅಂಕಲ್, ಈ ಒಂದು ಸ್ಕ್ರೂ ನೀವು ಹಾಕಿ" ಎಂದರು. ಮಾವ ಹಾಕಿದರು. ಬಿಗಿ ಎಷ್ಟಿರಬೇಕು ಎಂದು ಕೇಳಿ ತಿಳಿದುಕೊಂಡು ಹಾಕಿದರು. ತಳ ಮುಚ್ಚಿ, ಅಂಗಡಿಯಾಕೆ "ಒನ್ನ್, ರಂಡ್" ಎಂದು ಎಣಿಸುತ್ತಾ ಉಳಿದ ಸ್ಕ್ರೂಗಳನ್ನು ತಿರುಗಿಸಿ, ರಬ್ಬರು ಪಟ್ಟಿ ಅಂಟಿಸಿ, ಬಟನ್ ಒತ್ತಿದರು.

ನೀಲಿ ಪರದೆ ಬಂತು. ಒಂದು ಉದ್ದದ ಸಂಖ್ಯೆ ಹೇಳಿ, ಹೇಳಿದರೆ ಒಳಗೆ ಬಿಡುತ್ತೇನೆ ಎಂಬ ಅರ್ಥದ ಇಂಗ್ಲಿಷು.

ಒಳಗಿನ ಸಾಮಾನು ಬದಲಾದರೆ ಕೆಲವು ಲ್ಯಾಪ್‌ಟಾಪುಗಳು ಹೀಗೆ ಬೀಗ ಹಾಕಿಕೊಳ್ಳುತ್ತವಂತೆ, ಕಳ್ಳರು ಬಿಚ್ಚಿದ್ದಾರೋ ಎಂಬ ಸಂಶಯಕ್ಕೆ. ಮೊದಲೇ ಆ ಬೀಗ ತೆಗೆದು ನಕಲು ಮಾಡಬೇಕಿತ್ತು, ಇದರಲ್ಲಿ ಬೀಗ ಇದೆ ಅಂತ ತನಗೂ ಅಂದಾಜಾಗಲಿಲ್ಲ ಎಂದರು ಅಂಗಡಿಯಾಕೆ. ಹೆದರುವಂಥದ್ದೇನಿಲ್ಲ, ಕೊಂಡಾಗ ತೆರೆದ ಖಾತೆಯಲ್ಲಿ ಆ ಸಂಖ್ಯೆ ಇರುತ್ತದೆ, ತನ್ನ ಕಂಪ್ಯೂಟರಿನಲ್ಲೇ ನೋಡಬಹುದು ಎಂದರು. ಖಾತೆ ಯಾರ ಹೆಸರಲ್ಲಿ? ಮೈಸೂರಿನ ಅಂಗಡಿಯ ಹುಡುಗ ಮಾವನ ಫೋನ್ ನಂಬರು ಹಾಕಿ ತೆರೆದಿದ್ದ. ಪಾಸ್‌ವರ್ಡ್? ಆ ಹುಡುಗನಿಗೇ ಗೊತ್ತು. ಹಾಗಿದ್ದರೆ ಆ ನಂಬರಿಗೆ ಒಂದು ಮೆಸೇಜು ಬರುತ್ತದೆ, ಅದರಲ್ಲಿರುವ ಅಂಕಿ ಹೇಳಿದರೆ ಸಾಕು.

ಮೆಸೇಜು ಬರಲಿಲ್ಲ. ಇನ್ನೊಮ್ಮೆ ಕಳಿಸಿದರು. ಬರಲಿಲ್ಲ.

ಮಾವನದು ಬಟನ್ ಇರುವ ಹಳೆಯ ಫೋನು. ಅಂಗಡಿಯಾಕೆ ಅದನ್ನು ಕೈಗೆ ತೆಗೆದುಕೊಂಡು ನೋಡಿದರು. ಪರದೆಯ ಮೇಲ್ತುದಿಯಲ್ಲಿ ಒಂದು ಸಣ್ಣ ಲಕೋಟೆಯ ಚಿತ್ರ ಮಿಣುಕುತ್ತಿತ್ತು.

"ಅಂಕಲ್, ಇದು ಫುಲ್ ಆಗಿದೆ. ಒಳಗೆ ಜಾಗ ಇಲ್ಲ. ಒಂದು ಮೆಸೇಜ್ ಡಿಲೀಟ್ ಮಾಡಿದ್ರೆ ಇದು ಬರ್ತದೆ."

ಮಾವ ಕೈ ಚಾಚಿ ಫೋನನ್ನು ವಾಪಸು ತೆಗೆದುಕೊಂಡರು. ಜೇಬಿಗೆ ಹಾಕಿದರು.

"ಬೇರೆ ದಾರಿ ಉಟ್ಟಾ?" ಇದೆಯಾ ಎಂಬುದಕ್ಕೆ ಅರೆಭಾಷೆಯ ಮಾತು ಅದು.

"ಇಲ್ಲ ಅಂಕಲ್."

ಅವರು ಎದ್ದು ಅಂಗಡಿಯ ಹೊರಗೆ ಹೋದರು. ಕಿವಿಗೆ ಸರಿಯಾಗಿ ಬೀಳಲಿಲ್ಲವೇನೋ ಎಂದು ನಾನೂ ಹಿಂದೆ ಹೋದೆ. ಎದುರಿನ ತರಕಾರಿ ಅಂಗಡಿಯ ಮೆಟ್ಟಿಲ ಬಳಿ ನಿಂತಿದ್ದರು. ಸ್ವಲ್ಪ ಹೊತ್ತು ಬಸ್ಸುಗಳನ್ನು ನೋಡಿದರು. ಆಮೇಲೆ ಫೋನು ತೆಗೆದು ನನ್ನ ಕೈಗೆ ಕೊಟ್ಟರು.

"ಎಲ್ಲ ನಿನ್ನ ಅತ್ತೆದು."

ಅತ್ತೆ ತೀರಿಕೊಂಡು ಆಗ ಎರಡು ವರ್ಷ. ಮಾವನಿಗೆ ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಅತ್ತೆ ಅವರಿಗೆ ಮೆಸೇಜು ಹಾಕುತ್ತಿದ್ದರು. ನನಗೆ ಇದು ಗೊತ್ತಿತ್ತು. ಅವು ಇನ್ನೂ ಇವೆ ಎಂಬುದು ಗೊತ್ತಿರಲಿಲ್ಲ. ತೆರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡ. ಹಾಲು ತನ್ನಿ. ಎಲ್ಲಿದ್ದೀರಿ. ಬೆಂಡೆಕಾಯಿ ಬೇಡ. ಕೊಡೆ ಬಿಟ್ಟು ಹೋಗಿದ್ದೀರಿ. ಹಾಲು ತನ್ನಿ. ಗ್ಯಾಸ್ ಬಂತು. ಎಲ್ಲಿದ್ದೀರಿ. ಬೇರೆಯವರದು ಒಂದೂ ಇರಲಿಲ್ಲ. ಬೇರೆಯವರದನ್ನೆಲ್ಲ ಅವರು ಮೊದಲೇ ತೆಗೆದಿದ್ದರು. ಎರಡು ವರ್ಷದಿಂದ ಆ ಫೋನಿನೊಳಗೆ ಹೊಸ ಮೆಸೇಜು ಯಾವುದೂ ಬಂದಿರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲವೆಂದು ನಾವು ಮನೆಯಲ್ಲಿ ಕಂಪನಿಯನ್ನು ಬಯ್ಯುತ್ತಿದ್ದೆವು.

"ಮೈಸೂರಲ್ಲಿ ಆ ಹುಡುಗ ಹೀಗೇ ಒಂದು ತೆಗ್ದ" ಎಂದರು ಮಾವ. "ನನ್ನ ಕೇಳ್ಲೇ ಇಲ್ಲ. ಅವಳು ಪಕ್ಕದಲ್ಲೇ ಕೂತಿದ್ಲು, ಹಾಗಾಗಿ ನಾನೂ ಎಂತದೂ ಹೇಳ್ಲಿಲ್ಲ. ಅದು ಯಾವುದೋ ಈಗ ಗೊತ್ತಿಲ್ಲೆ."

"ನಾನು ಎಲ್ಲದರ ಫೋಟೊ ತೆಗೆದು ಇಡ್ತೀನಿ ಮಾವ. ಹೋಗಲ್ಲ."

"ಅದು ನಿನ್ನ ಫೋನಲ್ಲಿ ಇರ್ತದೆ."

ಆದರೂ ಒಂದೊಂದನ್ನೇ ತೆರೆದು ಫೋಟೊ ತೆಗೆದೆ. ಅವರು ತಡೆಯಲಿಲ್ಲ.

"ಹಾಲಿಂದು ಎಷ್ಟುಟ್ಟು?"

"ಸುಮಾರಿದೆ."

"ಅದರಲ್ಲಿ ಒಂದು ತೆಗಿ."

"ಯಾವುದು?"

"ಹಾಲು ಹಾಲೇ ಅಲ್ವಾ. ಯಾವುದಾದ್ರೂ ಆಗ್ತದೆ."

ನಾನು ಒಂದನ್ನು ಆರಿಸಿ ಬಟನ್ನಿನ ಮೇಲೆ ಬೆರಳಿಟ್ಟೆ. "ನಿಲ್ಲು" ಎಂದರು. "ಅದು ಯಾವತ್ತಿಂದು?" ತಾರೀಕು ಓದಿದೆ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಅವತ್ತು ಹಾಲು ತಂದಿದ್ದೆನಾ?"

"ನನಗೆ ಹೇಗೆ ಗೊತ್ತಾಗ್ಬೇಕು ಮಾವ?"

"ತಂದಿರ್ತೇನೆ" ಎಂದರು. "ತೆಗಿ."

ತೆಗೆದೆ. ಕೂಡಲೇ ಫೋನು ಗುಂಯ್ ಎಂದಿತು. ಬಂದದ್ದು ಅಂಕಿಯಲ್ಲ. ಹಲ್ಲಿನ ಉಚಿತ ತಪಾಸಣೆಯ ಜಾಹೀರಾತು, ಎಷ್ಟು ದಿನದಿಂದ ಬಾಗಿಲಲ್ಲಿ ಕಾಯುತ್ತಿತ್ತೋ. ಮಾವ ಅದನ್ನು ಓದಿಸಿ ಕೇಳಿ, "ಅವಳ ಜಾಗಕ್ಕೆ ಇದಾ" ಎಂದರು. ಅದನ್ನು ಅಳಿಸಿದರೆ ರೀಚಾರ್ಜು ಮಾಡಿ ಎಂಬುದು ಬಂತು. ಅದನ್ನೂ ಅಳಿಸಿ, ಒಳಗೆ ಹೋಗಿ ಮತ್ತೊಮ್ಮೆ ಕಳಿಸಲು ಹೇಳಿದ ಮೇಲೆ ಅಂಕಿ ಬಂತು. ಅಂಗಡಿಯಾಕೆ ಖಾತೆ ತೆರೆದು ಉದ್ದದ ಸಂಖ್ಯೆಯನ್ನು ಓದಿದರು, ನಾನು ಒತ್ತಿದೆ. ಲ್ಯಾಪ್‌ಟಾಪು ಎದ್ದಿತು. ಒಳಗೆ ಒಂದು ಟೆರಾಬೈಟು ಜಾಗ.

ಹೊರಡುವಾಗ ಅಂಗಡಿಯಾಕೆ ಮಾವನನ್ನು ಕೂರಿಸಿ, ಇನ್ನು ಮೇಲೆ ಬರುವ ಮೆಸೇಜನ್ನು ಮಾತ್ರ ಹೇಗೆ ಅಳಿಸುವುದು, ಹಳೆಯದಕ್ಕೆ ಕೈ ತಾಗದ ಹಾಗೆ, ಎಂದು ತೋರಿಸಿಕೊಟ್ಟರು. ಅವರು ಕಲಿತರು. ಈಗ ದಿನಾ ಬೆಳಿಗ್ಗೆ ಜಾಹೀರಾತು ಅಳಿಸುವುದು ಅವರ ಕೆಲಸಗಳಲ್ಲೊಂದು. ಯಾವುದೇ ಬ್ಯಾಂಕಿನ ಸಾಲವನ್ನೂ ಅವರು ಎರಡನೇ ಸಲ ಓದುವುದಿಲ್ಲ.

ಮೆಮೊರಿ ಎಂಟು ಜಿಬಿ ಇದ್ದದ್ದು ಎಂಟೇ ಉಳಿಯಿತು. ಆದರೆ ಕರಿಕೆಯ ಅಜ್ಜಿಗೆ ಎಡಿಟ್ ಬೇಕಿರಲಿಲ್ಲವಲ್ಲ. ಕಾರ್ಡುಗಳಲ್ಲಿದ್ದದ್ದನ್ನು ಇದ್ದ ಹಾಗೇ ಸುರಿದು, ಚಪ್ಪರದ ದಿನದಿಂದ ಮದುಮಗಳು ಹೊರಡುವವರೆಗೆ ಅನುಕ್ರಮವಾಗಿ ಜೋಡಿಸಿದೆ. ನನ್ನ ವೃತ್ತಿಯಲ್ಲಿ ಇಷ್ಟು ಸುಲಭದ ಕೆಲಸ ಬಂದಿರಲಿಲ್ಲ.

ನಾನು, ನನ್ನ ಗಂಡ, ಮಾವ ಮೂವರೂ ನಮ್ಮ ಹಳೆಯ ವ್ಯಾನಿನಲ್ಲಿ ಕರಿಕೆಗೆ ಹೋದೆವು. ಪೆನ್ ಡ್ರೈವಿಗೆ ಹಾಕಿ ಕಳಿಸಬಹುದಿತ್ತು. ಆದರೆ ಆ ಮನೆಯಲ್ಲಿ ಅದನ್ನು ಹಾಕಿ ತೋರಿಸುವವರು ಇಲ್ಲ, ಟಿವಿಯ ಹಿಂಬದಿಯ ತೂತುಗಳು ಸಿಡಿಲಿಗೆ ಸುಟ್ಟಿವೆ ಎಂದು ಮದುಮಗಳ ಅಪ್ಪ ಹೇಳಿದ್ದರು. ಅಜ್ಜಿ ಪಡಸಾಲೆಯ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದರು. ಮಗ ಒಂದು ಸ್ಟೂಲು ತಂದಿಟ್ಟರು. ಎತ್ತರ ಸಾಲದೆಂದು ಅದರ ಮೇಲೆ ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿ, ಸೇರಿನ ಮೇಲೆ ಲ್ಯಾಪ್‌ಟಾಪು ಇಟ್ಟೆವು. ಹಗುರವಾದ್ದರಿಂದ ನಿಂತಿತು.

ಅಜ್ಜಿಯ ಅರೆಭಾಷೆ ನನ್ನ ಕಿವಿಗೆ ಮುಕ್ಕಾಲು ಬೀಳುತ್ತದೆ. ಇಲ್ಲಿ ಬರೆದದ್ದು ನನಗೆ ಸಿಕ್ಕಿದ ಹಾಗೆ.

ಚಪ್ಪರದ ದಿನವನ್ನು ಅವರು ಗಮನವಿಟ್ಟು ನೋಡಲಿಲ್ಲ. ಮುಹೂರ್ತ ಬಂದಾಗ ಕೈ ಮುಗಿದರು. ಮೊಮ್ಮಗಳು ಚೆಂದ ಕಾಣುತ್ತಾಳೆ ಎಂದು ಒಮ್ಮೆ ಹೇಳಿದರು. ಅಕ್ಕಿ ಹಾಕುವ ಸಾಲು ಶುರುವಾದ ಮೇಲೆ ದಿಂಬಿನಿಂದ ಬೆನ್ನು ಎತ್ತಿದರು. ಒಬ್ಬೊಬ್ಬರನ್ನೂ ನೋಡಿದರು. ಇವಳು ಯಾರ ಸೊಸೆ, ಇವನ ಕೂದಲು ಯಾವಾಗ ಹೋಯಿತು, ಇವರು ಬಂದಿದ್ದಾರಾ, ನಾನು ಅಂದುಕೊಂಡಿರಲಿಲ್ಲ. ಮಗ ಉತ್ತರ ಕೊಡುತ್ತಾ ಕೊಡುತ್ತಾ ತೂಕಡಿಸಿದರು. ನನ್ನ ಗಂಡ ಅಂಗಳಕ್ಕೆ ಹೋಗಿ ಅಲ್ಲಿದ್ದ ನಾಯಿಯ ಜೊತೆ ಕೂತ. ಮಾವ ಮಾತ್ರ ಅಜ್ಜಿಯ ಪಕ್ಕ ಕುರ್ಚಿ ಹಾಕಿಕೊಂಡು ಕೊನೆಯವರೆಗೂ ನೋಡಿದರು. ಸಾಲು ಮುಗಿಯಿತು. ಅಜ್ಜಿ ಹಿಂದಕ್ಕೆ ಒರಗಿದರು.

"ಮುಗೀತಾ?"

"ಇದು ಮುಗೀತು ಅಜ್ಜಿ. ಊಟದ್ದಿದೆ."

"ಹಾಕು."

ಊಟದ ಹಾಲಿನ ಕ್ಯಾಮೆರಾ ಎತ್ತರದಲ್ಲಿತ್ತು. ಸಾಲು ಸಾಲು ತಲೆಗಳು, ಎಲೆಗಳು, ಬಡಿಸುವವರ ಓಡಾಟ. ನನಗೆ ಅದರಲ್ಲಿ ನೋಡಲು ಏನೂ ಕಾಣಲಿಲ್ಲ. ಒಂದು ಪಂಕ್ತಿ ಎದ್ದಿತು, ಇನ್ನೊಂದು ಕೂತಿತು. ಕೊನೆಗೆ ಹತ್ತಿರವಾದ ಒಂದು ಪಂಕ್ತಿಯಲ್ಲಿ ಅಜ್ಜಿ ಬೆರಳು ಎತ್ತಿದರು.

"ನಿಲ್ಸು."

ನಿಲ್ಲಿಸಿದೆ. ಕಟ್ಟಕಡೆಯ ಸಾಲಿನ ತುದಿಯ ಕುರ್ಚಿಯಲ್ಲಿ ಹಸಿರು ಸೀರೆಯ ಒಬ್ಬ ಮುದುಕಿ. ಪಕ್ಕದ ಕುರ್ಚಿ ಖಾಲಿ. ಯಾರೊಡನೆಯೂ ಮಾತಿಲ್ಲ. ಅಜ್ಜಿ ಮುಂದಕ್ಕೆ ಬಗ್ಗಲು ಹೋಗಿ ಸೊಂಟ ನೋವಿಗೆ ನಿಂತರು. ನಾನು ಸ್ಟೂಲನ್ನೇ ಹತ್ತಿರಕ್ಕೆ ಎಳೆದೆ.

"ಬಂದಿದ್ದಾಳೆ" ಎಂದರು.

ಮಗ ಎಚ್ಚರಗೊಂಡು ನೋಡಿದರು. "ಚಿಕ್ಕಮ್ಮ" ಎಂದು ನಮಗೆ ಹೇಳಿದರು. "ನಂಗೆ ಗೊತ್ತೇ ಇಲ್ಲ. ನಾನು ನೋಡ್ಲೇ ಇಲ್ಲ. ಯಾರೂ ನೋಡ್ಲಿಲ್ಲ."

ಅಜ್ಜಿಯ ತಂಗಿ. ಭಾಗಮಂಡಲದ ಹತ್ತಿರಕ್ಕೇ ಮದುವೆಯಾಗಿ ಹೋದವರು. ಅಕ್ಕತಂಗಿಗೆ ಮಾತು ಬಿಟ್ಟು ಎಷ್ಟು ಕಾಲವಾಯಿತೆಂದು ಮಗನಿಗೂ ಸರಿಯಾಗಿ ಗೊತ್ತಿಲ್ಲ. ಒಂದು ಹಸುವಿನ ವಿಷಯಕ್ಕೆ ಶುರುವಾದದ್ದಂತೆ. ಹಸು ಸತ್ತು, ಅದರ ಕರುಗಳೂ ಸತ್ತಿವೆ. ಮದುವೆಗೆ ಕರೆದಿದ್ದರು, ಬರಲಿಲ್ಲವೆಂದೇ ಮನೆಗೆ ವರದಿ ಬಂದಿತ್ತು. ಆಕೆ ಬಂದಿದ್ದರು, ಅಕ್ಕಿ ಹಾಕುವ ಸಾಲಿಗೆ ಬಾರದೆ, ಹಿಂದಿನಿಂದ ಮುಹೂರ್ತ ನೋಡಿ, ಊಟ ಮಾಡಿ ಹೋಗಿದ್ದರು.

"ಇನ್ನು ಬಿಡು" ಎಂದರು ಅಜ್ಜಿ. ನಾನು ವಿಡಿಯೊ ಮುಂದುವರಿಸಿದೆ. ಹಸಿರು ಸೀರೆಯ ಮುದುಕಿ ಉಂಡರು. ಅಜ್ಜಿ ಅವರು ಉಣ್ಣುವುದನ್ನೇ ನೋಡಿದರು. ಅನ್ನ ಬಂತು, ಸಾರು ಬಂತು. ಗಸಗಸೆ ಪಾಯಸದ ಬಕೆಟ್ಟು ಹಿಡಿದವನು ಬಂದು ಲೋಟಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ಅವರು ಲೋಟ ಮುಂದೆ ಹಿಡಿದರು.

"ಎರಡನೇ ಸಲ" ಎಂದರು ಅಜ್ಜಿ. ದನಿ ಬದಲಾಗಿತ್ತು. ಮಗನ ಕಡೆ ತಿರುಗಿ, "ಅವಳಿಗೆ ಫೋನ್ ಮಾಡು" ಎಂದರು.

ಮಗ ನಮ್ಮ ಮುಖ ನೋಡಿ, ಮಾಡಿದರು. ಆ ಕಡೆ ಯಾರೋ ಎತ್ತಿ, ಕೊಡುತ್ತೇವೆ ಎಂದರು. ಅಜ್ಜಿ ಫೋನನ್ನು ಕಿವಿಗೆ ಒತ್ತಿ ಹಿಡಿದರು.

"ನಿಂಗೆ ಸಕ್ಕರೆ ಕಾಯಿಲೆ ಉಟ್ಟಲ್ಲಾ? ಪಾಯಸ ಎಂತಕ್ಕೆ ಹಾಕಿಸ್ಕೊಂಡದ್ದು?"

ಆ ಕಡೆಯ ಸಣ್ಣ ದನಿ ಪಡಸಾಲೆಗೆಲ್ಲ ಕೇಳಿತು. "ಒಂದೇ ಸಲ."

"ಎರಡು ಸಲ. ಇಲ್ಲಿ ಕಾಣ್ತದೆ."

"ಎಲ್ಲಿ ಕಾಣ್ತದೆ?"

"ನನ್ನ ಕಣ್ಣೆದುರು. ಹಸಿರು ಸೀರೆ ಉಟ್ಟಿದ್ದೀ. ಕೊನೇ ಸಾಲಲಿ ಯಾಕೆ ಕೂತದ್ದು? ನಿಂಗೆ ಅಲ್ಲಿ ಕೂರುವ ಗತಿಯಾ?"

ಅಲ್ಲಿಂದ ಮುಂದೆ ಅರೆಭಾಷೆಯ ವೇಗ ಹೆಚ್ಚಿತು, ನನಗೆ ಸಿಗಲಿಲ್ಲ. ಮನೆಯ ಸೊಸೆ ಬಂದು, ಇದು ಈಗಲೇ ಮುಗಿಯುವುದಲ್ಲ, ನೀವು ಊಟಕ್ಕೆ ಏಳಿ ಎಂದರು. ಒಳಗೆ ಕೂತು ಉಂಡೆವು. ಪಡಸಾಲೆಯಿಂದ ಹಸುವಿನ ಹೆಸರು ಎರಡು ಸಲ ಕೇಳಿಬಂತು. ಮಾವ ನನ್ನ ಕಡೆ ಬಗ್ಗಿ, "ಅವರು ಯಾರತ್ರ ಜಗಳ?" ಎಂದರು. ತಂಗಿಯ ಹತ್ತಿರ ಎಂದೆ. "ಒಳ್ಳೇದು" ಎಂದು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.

ಊಟ ಮುಗಿಸಿ ಹೊರಗೆ ಬಂದಾಗ ಫೋನು ಕೆಳಗಿತ್ತು. ಅಜ್ಜಿಯ ಮುಖ ಕೆಂಪಾಗಿತ್ತು, ಕಣ್ಣೂ ಸ್ವಲ್ಪ. ಮೂಗು ಒರೆಸಿಕೊಂಡು ನನಗೆ ಹೇಳಿದರು, "ಮಗಳೆ, ಅವಳು ಬರ್ತಾಳಂತೆ. ಕಣ್ಣಲ್ಲಿ ಕಂಡ್ರೆ ಒಪ್ತಾಳಂತೆ. ಇದನ್ನ ಇಲ್ಲೇ ಬಿಟ್ಟು ಹೋಗು."

ಅದು ನನ್ನ ಕೆಲಸದ ಯಂತ್ರ, ಭಾನುವಾರ ಮದುವೆ ಇದೆ, ಎಂದು ನಾನು ಹೇಳಬೇಕೆಂದಿದ್ದೆ. ಮಾವ ಮೊದಲೇ "ಬಿಟ್ಟು ಹೋಗುವ" ಎಂದುಬಿಟ್ಟರು. ಚಾರ್ಜರನ್ನು ಸ್ವತಃ ತೆಗೆದು ಮಂಚದ ಪಕ್ಕದ ಪ್ಲಗ್ಗಿಗೆ ಹಾಕಿದರು. ಸೊಸೆಗೆ ಯಾವ ಬಟನ್ ಒತ್ತಿದರೆ ನಿಲ್ಲುತ್ತದೆ, ಯಾವುದಕ್ಕೆ ಹಿಂದೆ ಹೋಗುತ್ತದೆ ಎಂದು ತೋರಿಸಿದೆ. ಬೇರೆ ಯಾವುದನ್ನೂ ಒತ್ತಬಾರದು, ಅದಕ್ಕೆ ಒಂದು ಸಲಕ್ಕೆ ಒಂದೇ ಕೆಲಸ ಮಾಡಲು ಬರುವುದು ಎಂದೂ ಹೇಳಿದೆ. ಖಾಲಿ ಬ್ಯಾಗು ಹಾಕಿಕೊಂಡು ವ್ಯಾನು ಹತ್ತಿದೆ. ಭುಜಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ.

ತಂಗಿ ಬಂದದ್ದು ಮುಂದಿನ ವಾರದಲ್ಲಿ, ಬಟ್ಟೆಯ ಚೀಲದ ಸಮೇತ. ಬಂದವರು ಉಳಿದಿದ್ದಾರೆ ಎಂದು ಮದುಮಗಳ ಅಪ್ಪ ಲ್ಯಾಪ್‌ಟಾಪು ತಂದುಕೊಟ್ಟಾಗ ಹೇಳಿದರು. ಅಕ್ಕನಿಗೆ ಸ್ನಾನ ಮಾಡಿಸುವುದು, ಕಷಾಯ ಮಾಡಿಕೊಡುವುದು ಎಲ್ಲ ಅವರೇ. ಊಟದ ಹಾಲಿನ ವಿಡಿಯೊವನ್ನು ಇಬ್ಬರೂ ಕೂತು ಹಲವು ಸಲ ನೋಡಿದರಂತೆ. ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಎರಡನೆಯ ಸಲ ಹಾಕಿಸಿಕೊಂಡದ್ದು ಮಜ್ಜಿಗೆ ಎಂದು ತಂಗಿಯ ವಾದ.

ಅವರು ಹೋದ ಮೇಲೆ ನಾನು ಆ ಭಾಗವನ್ನು ತೆರೆದು, ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿ ನೋಡಿದೆ. ಲ್ಯಾಪ್‌ಟಾಪು ಎಂದಿನಂತೆ ನಿಂತು ನಿಂತು ತೋರಿಸಿತು. ಲೋಟಕ್ಕೆ ಬಿದ್ದದ್ದು ಬಿಳಿ. ಅಷ್ಟೇ ಹೇಳಬಹುದು.